ಪುರಸಭೆ ಮೀಟಿಂಗು, ಬಿಲ್ಲು, ಕಂದಾಯ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರೋ ಕಾಗದ, ಮೇಲ್, ವಾಟ್ಸಾಪ್ ಮೆಸೇಜ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪುರಸಭೆ, ನಗರಸಭೆ ವಿಚಾರಾನೇ. ಬೆಂಗಳೂರಲ್ಲಿ ಕೂತು ಓದೋರೂ ತಮ್ಮೂರಿನ ಪುರಸಭೆ ಬಗ್ಗೇನೇ ಕೇಳಿದಾರೆ, ಅದು ನೋಡಿ ನಿಜಕ್ಕೂ ಖುಷಿ ಆಯ್ತು, ಹಂಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಈ ಪುಟ ಪೂರ್ತಿ ಇದಕ್ಕೇ ಕೊಡ್ತಿದೀವಿ. ಯಾರ ಹೆಸರೂ ಹಾಕಿಲ್ಲ, ದೂರು ಇರೋ ಕಡೆ ಊರ ಹೆಸರೂ ಬಿಟ್ಟಿದೀವಿ, ಯಾಕಂದ್ರೆ ಚಿಕ್ಕ ಊರಲ್ಲಿ ಬರೆದೋರು ಯಾರು ಅಂತ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗಿಬಿಡುತ್ತೆ.

ಪ್ರಶ್ನೆ: ನಾನು ಇರೋದು ವಿಜಯನಗರದಲ್ಲಿ, ಊರು ಬೆಂಗಳೂರಿಂದ ಒಂದೂವರೆ ಗಂಟೆ ದಾರಿ. ಅಪ್ಪ ಅಮ್ಮ ಅಲ್ಲೇ ಇದಾರೆ. ಪುರಸಭೇಲಿ ತಿಂಗಳ ಮೀಟಿಂಗ್ ಆಗುತ್ತೆ ಅಂತಾರೆ, ನನ್ನಂಥ ಮಾಮೂಲಿ ಜನ ಹೋಗಿ ಕೂತ್ಕೋಬಹುದಾ? ಒಳಗೆ ಅಷ್ಟೊತ್ತು ಏನ್ ಮಾಡ್ತಾರೆ?

ಉತ್ತರ: ಧಾರಾಳವಾಗಿ ಕೂತ್ಕೋಬಹುದು ಸರ್. ನಮ್ಮ ಪುರಸಭೆ ನಗರಸಭೆಗಳೆಲ್ಲ ನಡೆಯೋದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಪ್ರಕಾರ, ಅದರಲ್ಲಿ ತಿಂಗಳಿಗೊಂದು ಸಾಮಾನ್ಯ ಸಭೆ ನಡೀಬೇಕು ಅಂತ ಇದೆ, ಸಭೆ ಸಾರ್ವಜನಿಕರಿಗೆ ತೆರೆದಿರಬೇಕು ಅಂತಾನೂ ಇದೆ. ಯಾವುದೋ ಒಂದು ವಿಚಾರ ಗುಟ್ಟಾಗಿ ಚರ್ಚೆ ಮಾಡ್ಬೇಕು ಅನ್ನಿಸಿದ್ರೆ ಅಷ್ಟು ಹೊತ್ತು ಹೊರಗೆ ಹೋಗಿ ಅನ್ನಬಹುದು, ಆದ್ರೆ ಅದು ಅಪರೂಪಕ್ಕೆ ಇರೋ ಅವಕಾಶ, ನಿತ್ಯದ ರೂಢಿ ಅಲ್ಲ. ನೀವು ಮಧ್ಯೆ ಮಾತಾಡೋ ಹಾಗಿಲ್ಲ, ಹಿಂದೆ ಕೂತು ಕೇಳಬಹುದು, ಬರ್ಕೋಬಹುದು. ಬಾಗಿಲಲ್ಲಿ ಯಾರಾದ್ರೂ ತಡೆದ್ರೆ ಜಗಳಕ್ಕೆ ಹೋಗ್ಬೇಡಿ, ಮುಖ್ಯಾಧಿಕಾರಿಗೆ ಒಂದು ಬಿಳಿ ಹಾಳೇಲಿ ‘ಸಭೆ ವೀಕ್ಷಿಸಲು ಅವಕಾಶ ಕೋರಿ’ ಅಂತ ಬರ್ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ, ಹೆಚ್ಚಿನ ಕಡೆ ಆ ಸೀಲ್ ಬೀಳೋ ಹೊತ್ತಿಗೇ ಬಾಗಿಲು ತೆಗೆದಿರುತ್ತೆ.

ಇನ್ನು ಒಳಗೆ ಏನು ಅಂದ್ರೆ. ಸಾಮಾನ್ಯ ಸಭೆಗೆ ಏಳು ದಿನ ಮುಂಚೆ ಸದಸ್ಯರಿಗೆಲ್ಲ ನೋಟಿಸ್ ಹೋಗ್ಬೇಕು, ಅದರ ಜೊತೆ ಕಾರ್ಯಸೂಚಿ ಇರುತ್ತೆ, ನಾಲ್ಕೋ ಐದೋ ಹಾಳೆ, ಒಂದೊಂದು ಸಾಲೂ ‘ಬಗ್ಗೆ’ ಅಂತ ಮುಗಿಯುತ್ತೆ. ಮೊದಲನೇ ವಿಷಯ ಯಾವಾಗ್ಲೂ ಹಿಂದಿನ ಸಭೆ ನಡವಳಿ ಓದಿ ದೃಢೀಕರಿಸೋದು. ಎರಡನೇದು ಹೆಚ್ಚುಕಮ್ಮಿ ಆ ತಿಂಗಳ ಜಮಾ ಖರ್ಚು. ಆಮೇಲೆ ಟೆಂಡರ್ ದರ ಅನುಮೋದನೆ, ಬೀದಿದೀಪದ ನಿರ್ವಹಣೆ, ಬೋರ್‌ವೆಲ್ ಮೋಟಾರು ರಿಪೇರಿ, ಬ್ಲೀಚಿಂಗ್ ಪೌಡರ್ ಖರೀದಿ, ಮಳಿಗೆ ಹರಾಜು, ಸಂತೆ ಸುಂಕ, ಯಾವುದೋ ಸಮುದಾಯ ಭವನಕ್ಕೆ ಜಾಗ ಕೊಡಿ ಅನ್ನೋ ಅರ್ಜಿ, ಪಾರ್ಕಿಗೆ ಹೆಸರಿಡೋದು, ಹಿಂಗೆ ಸಾಗುತ್ತೆ. ಕೊನೇಲಿ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು’.

ಕೇಳೋಕೆ ಸಪ್ಪೆ ಅನ್ಸುತ್ತೆ ನಿಜ. ಆದ್ರೆ ನಿಮ್ಮ ಅಮ್ಮ ಎಷ್ಟು ದಿನಕ್ಕೊಂದ್ಸಲ ನೀರು ಹಿಡೀತಾರೆ, ನಿಮ್ಮ ಬೀದಿ ದೀಪ ಕೆಟ್ಟು ಎಷ್ಟು ದಿನ ಆಯ್ತು, ಚರಂಡಿ ಸ್ಲ್ಯಾಬ್ ಯಾವಾಗ ಹಾಕ್ತಾರೆ, ಇದೆಲ್ಲ ತೀರ್ಮಾನ ಆಗೋದು ವಿಧಾನಸೌಧದಲ್ಲಿ ಅಲ್ಲ, ಈ ಸಪ್ಪೆ ಹಾಳೇಲೇ. ನಾವು ಅಸೆಂಬ್ಲಿ ಎಲೆಕ್ಷನ್ ರಿಸಲ್ಟ್ ಇಡೀ ದಿನ ಟಿವಿ ಮುಂದೆ ಕೂತು ನೋಡ್ತೀವಿ, ನಮ್ಮ ನಲ್ಲಿ ಬಗ್ಗೆ ತೀರ್ಮಾನ ಮಾಡೋ ಮೀಟಿಂಗಿಗೆ ಒಬ್ಬರೂ ಹೋಗಲ್ಲ. ಇದು ಬದಲಾಗ್ಬೇಕು ಅನ್ನೋದೇ ಈ ಅಂಕಣದ ಆಸೆ. ಮುಂದಿನ ಸಲ ಊರಿಗೆ ಹೋದಾಗ ದಿನಾಂಕ ಕೇಳಿಕೊಂಡು ಹೋಗಿ, ಸಾಧ್ಯ ಆದ್ರೆ ಅಪ್ಪನ್ನೂ ಕರ್ಕೊಂಡು ಹೋಗಿ, ಅವರಿಗೆ ಸದಸ್ಯರ ಮುಖ ಪರಿಚಯ ಇರುತ್ತೆ.

ಪ್ರಶ್ನೆ: ನಮ್ಮೂರಿನ ಸಭೆ ಕಾರ್ಯಸೂಚಿ ಫೋಟೋ ಯಾರೋ ಗ್ರೂಪಿಗೆ ಹಾಕಿದ್ರು. ಅರ್ಧಕ್ಕರ್ಧ ವಿಷಯದಲ್ಲಿ ‘ಘಟನೋತ್ತರ ಅನುಮೋದನೆ ನೀಡುವ ಬಗ್ಗೆ’ ಅಂತಾನೇ ಇದೆ. ಅಂದ್ರೆ ಕೆಲಸ ಮುಗಿಸಿ ದುಡ್ಡು ಖರ್ಚಾದ್ಮೇಲೆ ಕೇಳ್ತಾರೆ ಅಂತ ತಾನೇ? ಇದು ಕಳ್ಳಬಿಲ್ಲು ಅಂತ ಗ್ರೂಪಲ್ಲಿ ಎಲ್ಲ ಗಲಾಟೆ ಮಾಡ್ತಿದಾರೆ.

ಉತ್ತರ: ಗಲಾಟೆಗೆ ಮುಂಚೆ ಒಂದು ನಿಮಿಷ ಕೇಳಿ. ಮಾರ್ಚ್ ಏಪ್ರಿಲ್‌ನಲ್ಲಿ ಒಂದು ವಾರ್ಡಿನ ಬೋರ್‌ವೆಲ್ ಮೋಟಾರು ಸುಟ್ಟೋಯ್ತು ಅಂದ್ಕೊಳ್ಳಿ. ಮುಂದಿನ ಮೀಟಿಂಗ್ ಇನ್ನೂ 20 ದಿನ ಇದೆ. ಅಲ್ಲಿವರೆಗೂ ಜನ ನೀರಿಲ್ಲದೆ ಇರ್ಬೇಕಾ? ಮುಖ್ಯಾಧಿಕಾರಿ ಅವತ್ತೇ ಮೋಟಾರು ಎತ್ತಿಸಿ ರಿವೈಂಡಿಂಗ್ ಮಾಡಿಸ್ತಾರೆ, ಅಧ್ಯಕ್ಷರಿಗೆ ಹೇಳಿರ್ತಾರೆ, ಬಿಲ್ಲು ಆಮೇಲೆ ಸಭೆ ಮುಂದೆ ಬರುತ್ತೆ. ಘಟನೋತ್ತರ ಅನುಮೋದನೆ ಇರೋದೇ ಇದಕ್ಕೆ. ಹಂಗಾಗಿ ಆ ಮಾತು ಕಂಡ ತಕ್ಷಣ ಕಳ್ಳಬಿಲ್ಲು ಅಂತ ಬರೆದು ಫಾರ್ವರ್ಡ್ ಮಾಡೋದು ಪ್ರಾಮಾಣಿಕವಾಗಿ ಕೆಲಸ ಮಾಡೋ ನೌಕರರಿಗೆ ಅನ್ಯಾಯ.

ಆದ್ರೆ ಅರ್ಧಕ್ಕರ್ಧ ವಿಷಯ ಹಂಗೇ ಬಂದಿದೆ ಅಂದ್ರೆ ಕೇಳಲೇಬೇಕು, ಸುಮ್ನಿರಬಾರದು. ಏನ್ ಕೇಳ್ಬೇಕು ಅನ್ನೋದು ಮುಖ್ಯ. ಮೊದಲು ಕೆಲಸದ ಸ್ವರೂಪ ನೋಡಿ, ಮೋಟಾರು ರಿಪೇರಿ, ಪೈಪ್ ಒಡೆದಿದ್ದು, ಮಳೆಗೆ ಮರ ಬಿದ್ದಿದ್ದು ಇಂಥವು ತುರ್ತು, ಒಪ್ಪೋಣ, ಆದ್ರೆ ಕಚೇರಿಗೆ ಪೇಂಟ್ ಹೊಡೆಸಿದ್ದು, ಕುರ್ಚಿ ತಂದಿದ್ದು, ರಾಷ್ಟ್ರೀಯ ಹಬ್ಬಕ್ಕೆ ಶಾಮಿಯಾನ ಹಾಕ್ಸಿದ್ದು ಹೆಂಗೆ ತುರ್ತಾಗುತ್ತೆ, ಆಗಸ್ಟ್ 15 ಯಾವಾಗ ಬರುತ್ತೆ ಅಂತ ಎಲ್ಲರಿಗೂ ಗೊತ್ತಲ್ವಾ. ಆಮೇಲೆ ಒಂದೇ ಕೆಲಸ ಎರಡು ಮೂರು ತುಂಡಾಗಿದ್ಯಾ ನೋಡಿ. ಸರ್ಕಾರಿ ಖರೀದಿ, ಕಾಮಗಾರಿಗೆಲ್ಲ 1999ರ ಪಾರದರ್ಶಕತೆ ಕಾಯ್ದೆ ಇದೆ, ಒಂದು ಮೊತ್ತ ದಾಟಿದ್ರೆ ಟೆಂಡರ್ ಕರೀಲೇಬೇಕು, ಅದನ್ನ ತಪ್ಪಿಸ್ಕೊಳ್ಳೋಕೆ ಒಂದೇ ರಸ್ತೆ ಚರಂಡಿ ಕೆಲಸನ ‘ಇಂಥೋರ ಮನೆಯಿಂದ ಇಂಥೋರ ಮನೆವರೆಗೆ’ ಅಂತ ತುಂಡು ಮಾಡಿ ಎಲ್ಲಾನೂ ಮಿತಿಯೊಳಗೆ ತೋರಿಸೋ ಪದ್ಧತಿ ಹಳೇದು. ಕಾರ್ಯಸೂಚೀಲಿ ಒಂದೇ ಬೀದಿ ಹೆಸರು ಅಕ್ಕಪಕ್ಕದ ಸಾಲಲ್ಲೇ ಮೂರ್ಸಲ ಬಂದಿದ್ರೆ ಅಲ್ಲಿ ಬೆರಳಿಡಿ.

ಇನ್ನೊಂದು, ಹೋದ ವರ್ಷದ ಕಾರ್ಯಸೂಚಿಗಳೂ ಸಿಕ್ಕಿದ್ರೆ ಪಕ್ಕದಲ್ಲಿಟ್ಟು ನೋಡಿ. ಅದೇ ಬೋರ್‌ವೆಲ್ಲು ಪದೇ ಪದೇ ರಿಪೇರಿಗೆ ಬಂದಿದ್ರೆ ಒಂದೋ ಮೋಟಾರು ಬದಲಾಯಿಸೋ ಕಾಲ ಬಂದಿದೆ, ಇಲ್ಲಾ ರಿಪೇರೀನೇ ಆಗಿಲ್ಲ. ನಿಮ್ಮ ವಾರ್ಡ್ ಸದಸ್ಯರ ಹತ್ರ ಹೋಗಿ ‘ಸಭೇಲಿ ಕಡತ ತರಿಸಿ’ ಅಂತ ಹೇಳಿ. ಕಡತದಲ್ಲಿ ಎಸ್ಟಿಮೇಟ್ ಇರ್ಬೇಕು, ದರಪಟ್ಟಿಗಳು ಇರ್ಬೇಕು, ಕಾಮಗಾರಿ ಆಗಿದ್ರೆ ಎಂ.ಬಿ. ಪುಸ್ತಕದಲ್ಲಿ ಎಂಜಿನಿಯರ್ ಅಳತೆ ಬರೆದಿರ್ಬೇಕು. ಉದ್ದ, ಅಗಲ, ದಪ್ಪ, ಎಲ್ಲ ಅದರಲ್ಲೇ ಇರುತ್ತೆ, ಬಿಲ್ಲು ಆಗೋದು ಆ ಅಳತೆ ಮೇಲೆ. ಪುಸ್ತಕದಲ್ಲಿ 60 ಮೀಟರ್ ಚರಂಡಿ ಅಂತಿದ್ದು ನಿಮ್ಮ ಬೀದೀಲಿ ಟೇಪ್ ಹಿಡಿದ್ರೆ 40 ಬಂದ್ರೆ ಆವಾಗ ಮಾತಾಡೋಕೆ ನಿಮ್ಮ ಕೈಲಿ ಆಧಾರ ಇರುತ್ತೆ. ಗ್ರೂಪಲ್ಲಿ ನೂರು ಮೆಸೇಜ್ ಹಾಕೋದಕ್ಕಿಂತ ಇಬ್ಬರು ಟೇಪ್ ಹಿಡ್ಕೊಂಡು ಬೀದಿಗಿಳಿಯೋದು ಮೇಲು.

ಆ ಕೊನೇ ಸಾಲು, ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’, ಅದರ ಮೇಲೂ ಒಂದು ಕಣ್ಣಿರಲಿ. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲ ಎದ್ದು ಹೊರಡೋ ಸಮಯದಲ್ಲಿ ಈ ಸಾಲಿನಡಿ ಏನೇನು ಸೇರಿಕೊಳ್ತು ಅನ್ನೋದು ನಡವಳಿ ಕೈಗೆ ಬಂದ್ಮೇಲೇ ಎಷ್ಟೋ ಸದಸ್ಯರಿಗೂ ಗೊತ್ತಾಗೋದು. ಸಭೆ ಮುಗಿಯೋವರೆಗೂ ಕೂತಿರಿ ಅಂತ ನಿಮ್ಮ ಸದಸ್ಯರಿಗೆ ಹೇಳಿ.

ಪ್ರಶ್ನೆ: ನಾನು ಕೆಂಗೇರಿಯವನು, 60 ದಾಟಿದೆ. ನಮ್ಮದು ಮುಂಚೆ ಪುರಸಭೆ ಆಗಿತ್ತು. ಆವಾಗ ಸಣ್ಣ ಪುಟ್ಟದಕ್ಕೂ ಕಚೇರಿಗೆ ನಡ್ಕೊಂಡು ಹೋಗಿ ಕೇಳ್ತಿದ್ವಿ. ಪುರಸಭೆ, ನಗರಸಭೆ, ಮಹಾನಗರ ಪಾಲಿಕೆ ಅಂತ ಯಾವ ಲೆಕ್ಕದಲ್ಲಿ ಮಾಡ್ತಾರೆ? ದೊಡ್ಡದಾದ್ರೆ ಒಳ್ಳೇದಾ?

ಉತ್ತರ: ಲೆಕ್ಕ ಮುಖ್ಯವಾಗಿ ಜನಸಂಖ್ಯೆದು ಹಿರಿಯರೇ. 10 ಸಾವಿರದಿಂದ 20 ಸಾವಿರ ಇದ್ರೆ ಪಟ್ಟಣ ಪಂಚಾಯಿತಿ, 20ರಿಂದ 50 ಸಾವಿರಕ್ಕೆ ಪುರಸಭೆ, 50 ಸಾವಿರದಿಂದ 3 ಲಕ್ಷಕ್ಕೆ ನಗರಸಭೆ, ಅದರ ಮೇಲೆ ಮಹಾನಗರ ಪಾಲಿಕೆ. ಪುರಸಭೆ, ಪಟ್ಟಣ ಪಂಚಾಯಿತಿಗೆ ಮುಖ್ಯಾಧಿಕಾರಿ, ನಗರಸಭೆಗೆ ಪೌರಾಯುಕ್ತರು. ನಮ್ಮ ಅಕ್ಕಪಕ್ಕ ನೋಡಿದ್ರೆ ದೊಡ್ಡಬಳ್ಳಾಪುರ, ಹೊಸಕೋಟೆ ನಗರಸಭೆಗಳು, ಮಾಗಡಿ ಪುರಸಭೆ.

ನೀವು ಹೇಳೋ ಬದಲಾವಣೆ ಆಗಿದ್ದು 2007ರಲ್ಲಿ. ಹಳೇ ಬೆಂಗಳೂರು ಮಹಾನಗರ ಪಾಲಿಕೆಯ 100 ವಾರ್ಡ್ ಜೊತೆ ಯಲಹಂಕ, ದಾಸರಹಳ್ಳಿ, ಬೊಮ್ಮನಹಳ್ಳಿ, ಬ್ಯಾಟರಾಯನಪುರ, ಕೃಷ್ಣರಾಜಪುರ, ಮಹದೇವಪುರ, ರಾಜರಾಜೇಶ್ವರಿನಗರ ಅನ್ನೋ ಏಳು ನಗರಸಭೆ, ನಿಮ್ಮ ಕೆಂಗೇರಿ ಪುರಸಭೆ, 110 ಹಳ್ಳಿ ಎಲ್ಲ ಸೇರಿಸಿ ಬಿಬಿಎಂಪಿ ಮಾಡಿದ್ರು, ಆಮೇಲೆ 198 ವಾರ್ಡ್ ಆಯ್ತು. ದೊಡ್ಡ ರಸ್ತೆ, ಕಾವೇರಿ ನೀರು, ಒಳಚರಂಡಿ ಇಂಥದ್ದಕ್ಕೆ ದೊಡ್ಡ ಸಂಸ್ಥೆ ಬೇಕು ಅನ್ನೋ ವಾದದಲ್ಲಿ ಹುರುಳಿಲ್ಲ ಅಂತ ಹೇಳಲ್ಲ. ಆದ್ರೆ ಬೆಂಗಳೂರಲ್ಲಿ ನೀರು ಜಲಮಂಡಳಿ ಕೈಲಿ, ಬಡಾವಣೆ ಬಿಡಿಎ ಕೈಲಿ, ಕರೆಂಟು ಬೆಸ್ಕಾಂ ಕೈಲಿ, ಕಾರ್ಪೊರೇಟರ್ ಹಿಡ್ಕೊಂಡ್ರೂ ಅವರು ಇನ್ನೊಬ್ಬರ ಕಡೆ ಕೈ ತೋರಿಸಬಹುದು. ಪುರಸಭೆ ಊರಲ್ಲಿ ನೀರಿನ ಯೋಜನೆ ಕಟ್ಟೋದು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಆದ್ರೂ ಸಾಮಾನ್ಯವಾಗಿ ದಿನಾ ವಾಲ್ವ್ ತಿರುಗಿಸೋನು ಪುರಸಭೆ ವಾಟರ್‌ಮನ್, ಅವನ ಮನೆ ಎಲ್ಲಿ ಅಂತ ಊರಿಗೇ ಗೊತ್ತಿರುತ್ತೆ.

ನನ್ನ ಮಟ್ಟಿಗೆ ದೊಡ್ಡದಾ ಚಿಕ್ಕದಾ ಅನ್ನೋದಕ್ಕಿಂತ ಆರಿಸಿ ಬಂದೋರು ಇದಾರಾ ಇಲ್ವಾ ಅನ್ನೋದು ದೊಡ್ಡ ಪ್ರಶ್ನೆ. ಬಿಬಿಎಂಪಿಗೆ ಕೊನೇ ಚುನಾವಣೆ ನಡೆದಿದ್ದು 2015ರ ಆಗಸ್ಟಲ್ಲಿ, 2020ರ ಸೆಪ್ಟೆಂಬರ್‌ಗೆ ಆ ಕೌನ್ಸಿಲ್ ಅವಧಿ ಮುಗೀತು, ಆಮೇಲೆ ಹೆಚ್ಚುಕಮ್ಮಿ ಐದು ವರ್ಷ ಆಡಳಿತಾಧಿಕಾರಿ ಕೈಲೇ ನಡೀತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆ ಬಂತು. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್‌ನಿಂದ ಜಾರೀಲಿದೆ, ನಗರ ಸ್ಥಳೀಯ ಸಂಸ್ಥೆಗೆ ಐದು ವರ್ಷ ಅವಧಿ, ಅದು ಮುಗಿಯೋಕೆ ಮುಂಚೆ ಚುನಾವಣೆ ಅಂತ ಅದರಲ್ಲಿ ಸ್ಪಷ್ಟವಾಗೇ ಇದೆ. ಇಷ್ಟು ದೊಡ್ಡ ಬೆಂಗಳೂರಲ್ಲಿ ಅಷ್ಟೂ ವರ್ಷ ಸಾಮಾನ್ಯ ಸಭೇಲಿ ಎದ್ದು ನಿಂತು ‘ನನ್ನ ವಾರ್ಡಲ್ಲಿ ಕಸ ಎತ್ತಿಲ್ಲ’ ಅನ್ನೋ ಒಬ್ಬ ಚುನಾಯಿತ ಸದಸ್ಯ ಇರಲಿಲ್ಲ, ಆದ್ರೆ ಆರಿಸಿ ಬಂದೋರು ಇರೋ ಪುರಸಭೆ ಊರಲ್ಲಿ ಅಂಥ ದನಿಗೊಂದು ಜಾಗ ಇರುತ್ತೆ. ನಿಮ್ಮ ನೋವು ಅರ್ಥ ಆಗುತ್ತೆ, ನಂಗೂ ಅದು ಚುಚ್ಚುತ್ತೆ.

ಪ್ರಶ್ನೆ: ನಾಮನಿರ್ದೇಶಿತ ಸದಸ್ಯರಿಗೆ ವೋಟ್ ಹಾಕೋ ಹಕ್ಕು ಇದ್ಯಾ? ಎಂಎಲ್‌ಎ ಬಂದು ಹಾಕಬಹುದಾ?

ಉತ್ತರ: ನಾಮನಿರ್ದೇಶಿತರಿಗೆ ಇಲ್ಲ. ಸರ್ಕಾರ ನೇಮಿಸೋ ಆ ಐದು ಜನರವರೆಗಿನ ಸದಸ್ಯರು ಸಭೇಲಿ ಕೂರಬಹುದು, ಮಾತಾಡಬಹುದು, ಅಷ್ಟೇ. ಆ ಕ್ಷೇತ್ರದ ಶಾಸಕರು, ಸಂಸದರು ಬೇರೆ ಲೆಕ್ಕ, ಅವರೂ ಸದಸ್ಯರು, ಅವರಿಗೆ ಮತ ಇದೆ, ಅಧ್ಯಕ್ಷರ ಚುನಾವಣೇಲಿ ಎರಡೂ ಕಡೆ ಸಮ ಸಮ ಇದ್ದಾಗ ಅವರು ಬಂದು ಕೈ ಎತ್ತೋದನ್ನ ನೀವೂ ನೋಡಿರ್ತೀರಿ.

ಪ್ರಶ್ನೆ: ನಾನು ಒಂದು ಪುರಸಭೇಲಿ ಮೊದಲ ಸಲ ಗೆದ್ದಿರೋ ಸದಸ್ಯೆ, ಮಹಿಳಾ ಮೀಸಲು ವಾರ್ಡು. ಮೀಟಿಂಗಲ್ಲಿ ನಾನು ಮಾತು ಶುರು ಮಾಡಿದ್ರೆ ‘ಮೇಡಂ ನಿಮ್ಮೆಜಮಾನ್ರಿಗೆ ಹೇಳಿದೀವಿ ಬಿಡಿ’ ಅಂತಾರೆ. ಎಲ್ಲಾ ಸಹಿ ಮಾಡಿದ್ಮೇಲೆ ‘ಸರ್ವಾನುಮತ’ ಅಂತ ಬರ್ಕೋತಾರೆ. ಏನ್ ಮಾಡ್ಲಿ?

ಉತ್ತರ: ಈ ಕಾಗದ ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ ಅಮ್ಮಾ. ವೋಟು ಕೇಳಿದ್ದು ನೀವು, ಗೆದ್ದಿದ್ದು ನೀವು, ಪ್ರಮಾಣ ತಗೊಂಡಿದ್ದು ನೀವು. ಕುಟುಂಬದೋರು ಬಂದು ಆಡಳಿತದಲ್ಲಿ ಕೈ ಹಾಕೋ ಹಾಗಿಲ್ಲ ಅಂತ ಸರ್ಕಾರದ ಸುತ್ತೋಲೆಗಳೇ ಇವೆ, ಸಭೇಲಿ ನಿಮ್ಮ ಕುರ್ಚಿ ಮೇಲೆ ನಿಮ್ಮನ್ನ ಬಿಟ್ಟು ಬೇರೆ ಯಾರಿಗೂ ಹಕ್ಕಿಲ್ಲ.

ಬಾಯಲ್ಲಿ ಹೇಳಿದ್ದು ಗಲಾಟೇಲಿ ಹೋಗಿಬಿಡುತ್ತೆ, ಹಂಗಾಗಿ ಕಾಗದದಲ್ಲಿ ಕೇಳಿ. ಕಾರ್ಯಸೂಚಿ ಕೈಗೆ ಬಂದ ದಿನವೇ ಒಂದ್ಸಲ ಪೂರ್ತಿ ಓದಿ, ನಿಮ್ಮ ವಾರ್ಡಿನ ಹೆಸರು ಎಲ್ಲೆಲ್ಲಿ ಬಂದಿದೆ ಅಲ್ಲಿ ಪೆನ್ಸಿಲಲ್ಲಿ ಗುರುತು ಹಾಕಿ, ಅರ್ಥ ಆಗದ ಪ್ರತಿ ವಿಷಯಕ್ಕೂ ‘ಕಡತ ನೋಡಲು ಅವಕಾಶ ಕೊಡಿ’ ಅಂತ ಸಭೆಗೆ ಎರಡು ದಿನ ಮುಂಚೆ ಮುಖ್ಯಾಧಿಕಾರಿಗೆ ಬರ್ಕೊಡಿ. ಸಭೇಲಿ ಒಪ್ಪಿಗೆ ಇಲ್ಲದ ವಿಷಯ ಬಂದ್ರೆ ಎದ್ದು ನಿಂತು ಒಂದೇ ವಾಕ್ಯ ಹೇಳಿ: ‘ನನ್ನ ವಿರೋಧವನ್ನ ನಡವಳಿಯಲ್ಲಿ ದಾಖಲಿಸಿ.’ ಎರಡು ಸಲ ಹೇಳಿ, ಅದನ್ನೇ ಬರೆದು ಆ ಹೊತ್ತಿಗೇ ಮೇಜಿನ ಮೇಲಿಡಿ, ನಕಲಿಗೆ ಸೀಲ್ ಹಾಕಿಸ್ಕೊಳ್ಳಿ. ಮುಂದಿನ ಸಭೇಲಿ ಮೊದಲನೇ ವಿಷಯವೇ ಹಿಂದಿನ ನಡವಳಿ ದೃಢೀಕರಣ ಅಲ್ವಾ, ಅಲ್ಲಿ ನಿಮ್ಮ ವಿರೋಧ ಬಿಟ್ಟು ‘ಸರ್ವಾನುಮತ’ ಅಂತ ಬರ್ದಿದ್ರೆ ತಿದ್ದಿಸೋಕೆ ಅದೇ ಜಾಗ, ಅದು ಆಗೋವರೆಗೂ ಎರಡನೇ ವಿಷಯಕ್ಕೆ ಹೋಗೋಕೆ ಬಿಡ್ಬೇಡಿ. ಹಾಜರಾತಿ ಪುಸ್ತಕಕ್ಕೆ ಸಹಿ ಮಾಡೋದು ಬೇರೆ, ನಿರ್ಣಯಕ್ಕೆ ಒಪ್ಪೋದು ಬೇರೆ, ಖಾಲಿ ಹಾಳೆಗೆ ಮಾತ್ರ ಯಾವ ಕಾರಣಕ್ಕೂ ಸಹಿ ಮಾಡ್ಬೇಡಿ, ಯಾರು ಎಷ್ಟೇ ಪ್ರೀತಿಯಿಂದ ಕೇಳಿದ್ರೂ.

ಕಾನೂನಿಗೆ ವಿರುದ್ಧವಾದ ನಿರ್ಣಯ ಪಾಸಾಗಿದ್ರೆ ಅದನ್ನ ತಡೆಹಿಡಿಯೋ ಅಧಿಕಾರ ಜಿಲ್ಲಾಧಿಕಾರಿಗಳಿಗೆ ಇದೆ, ನಿಮ್ಮ ಸೀಲ್ ಹಾಕಿಸಿರೋ ನಕಲು ಅಲ್ಲಿ ಕೆಲಸಕ್ಕೆ ಬರುತ್ತೆ. ಮಾಮೂಲಿ ಸಭೇನೇ ಕರೀತಿಲ್ಲ ಅಂದ್ರೆ ಮೂರರಲ್ಲಿ ಒಂದು ಭಾಗ ಸದಸ್ಯರು ಸಹಿ ಹಾಕಿ ವಿಶೇಷ ಸಭೆ ಕರೀರಿ ಅಂತ ಕೇಳಬಹುದು. ನಮ್ಮ ರಾಜ್ಯದ ಪುರಸಭೆಗಳಲ್ಲಿ ಮಹಿಳಾ ಮೀಸಲಾತಿ ಶೇ 50ರವರೆಗೆ ಇದೆ, ಅಂದ್ರೆ ನಿಮ್ಮ ಸಭೇಲೂ ಹೆಚ್ಚುಕಮ್ಮಿ ಅರ್ಧ ಜನ ಹೆಣ್ಣುಮಕ್ಕಳೇ ಇರ್ತಾರೆ. ಪಕ್ಷ ಯಾವುದಾದ್ರೂ ಇರಲಿ, ಸಭೆಗೆ ಹಿಂದಿನ ದಿನ ನಾಲ್ಕು ಜನ ಸೇರಿ ಕಾರ್ಯಸೂಚಿ ಓದಿ. ನಾಲ್ಕು ಜನ ಒಟ್ಟಿಗೆ ಎದ್ದು ನಿಂತ್ರೆ ಯಜಮಾನ್ರ ಹೆಸರು ಯಾರೂ ಎತ್ತಲ್ಲ.

ಪ್ರಶ್ನೆ: ಮನೆ ಕಂದಾಯದ ಚಲನ್‌ನಲ್ಲಿ ಗ್ರಂಥಾಲಯ ಕರ, ಭಿಕ್ಷುಕರ ಕರ ಅಂತೆಲ್ಲ ಇದೆ. ನಮ್ಮೂರ ಲೈಬ್ರರೀಲಿ ಹೊಸ ಪುಸ್ತಕ ಬಂದು ಕಾಲ ಆಯ್ತು. ಆ ದುಡ್ಡು ಎಲ್ಲಿಗೆ ಹೋಗುತ್ತೆ?

ಉತ್ತರ: ಕಂದಾಯದ ಮೇಲೆ ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3, ಆರೋಗ್ಯ ಕರ ಶೇ 15. ಇವನ್ನ ಪುರಸಭೆ ವಸೂಲಿ ಮಾಡುತ್ತೆ ಆದ್ರೆ ಇಟ್ಕೊಳ್ಳೋ ಹಾಗಿಲ್ಲ, ಗ್ರಂಥಾಲಯ ಕರ ಗ್ರಂಥಾಲಯ ಪ್ರಾಧಿಕಾರಕ್ಕೆ ಹೋಗ್ಬೇಕು, ಭಿಕ್ಷುಕರ ಕರ ಕೇಂದ್ರ ಪರಿಹಾರ ಸಮಿತಿಗೆ. ಎಷ್ಟೋ ಕಡೆ ಜನ ಕಟ್ಟಿರೋ ಗ್ರಂಥಾಲಯ ಕರ ವರ್ಷಗಟ್ಟಲೆ ಬಾಕಿ ಉಳಿದುಬಿಡುತ್ತೆ, ಲೈಬ್ರರಿಯೋರು ಕಾಗದ ಬರೀತಾನೇ ಇರ್ತಾರೆ. ನೀವು ಒಂದು ಪ್ರಶ್ನೆ ಕೇಳಿ: ಹೋದ ವರ್ಷ ವಸೂಲಾದ ಗ್ರಂಥಾಲಯ ಕರ ಎಷ್ಟು, ಪಾವತಿ ಮಾಡಿದ್ದು ಎಷ್ಟು. ತಿಂಗಳ ಜಮಾ ಖರ್ಚಲ್ಲೇ ಇದರ ಉತ್ತರ ಸಿಗ್ಬೇಕು. ಊರಿನ ಓದೋ ಮಕ್ಕಳ ದುಡ್ಡು ಅದು, ಬಿಡ್ಬೇಡಿ. ಅಂದ ಹಾಗೆ ಏಪ್ರಿಲ್ ತಿಂಗಳಲ್ಲೇ ಕಂದಾಯ ಕಟ್ಟಿದ್ರೆ ಶೇ 5 ರಿಯಾಯಿತಿ ಇದೆ.

ಪ್ರಶ್ನೆ: ನಮ್ಮದು ದಲಿತ ಕೇರಿ. ಶೇ 24.10 ದುಡ್ಡು ನಿಮಗೇ ಇಟ್ಟಿದೀವಿ ಅಂತ ಪ್ರತಿ ವರ್ಷ ಹೇಳ್ತಾರೆ. ಕೇರೀಲಿ ಮಾತ್ರ ಏನೂ ಕಾಣಲ್ಲ.

ಉತ್ತರ: ಪುರಸಭೆ ತನ್ನ ನಿಧಿ, ರಾಜ್ಯ ಹಣಕಾಸು ಆಯೋಗದ ಅನುದಾನ ಇಂಥದ್ದರಲ್ಲಿ ಶೇ 24.10 ಪರಿಶಿಷ್ಟ ಜಾತಿ, ಪಂಗಡದೋರ ಏಳಿಗೆಗೆ, ಶೇ 7.25 ಇತರೆ ಬಡವರಿಗೆ, ಶೇ 5 ಅಂಗವಿಕಲರಿಗೆ ಇಡ್ಬೇಕು. ಇದು ಯಾರೋ ಕೊಡೋ ದಾನ ಅಲ್ಲ, ನಿಮ್ಮ ಪಾಲು. ದುಡ್ಡು ಇಡೋದು ಬಜೆಟಲ್ಲಿ, ಅದು ಯಾವ ಕೆಲಸಕ್ಕೆ ಅಂತ ಬರೋದು ಕ್ರಿಯಾ ಯೋಜನೇಲಿ, ಆ ಕ್ರಿಯಾ ಯೋಜನೆ ಸಭೇಲಿ ಪಾಸಾಗಿ ಜಿಲ್ಲಾಧಿಕಾರಿ ಕಚೇರಿಗೆ ಮಂಜೂರಾತಿಗೆ ಹೋಗುತ್ತೆ. ಹಂಗಾಗಿ ಕೇರಿಯೋರು ಕೇಳ್ಬೇಕಾಗಿರೋದು ಬಜೆಟ್ ಪುಸ್ತಕದ ಜೊತೆಗೆ ಕ್ರಿಯಾ ಯೋಜನೆ ಪಟ್ಟಿ. ಅದರಲ್ಲಿ ವೈಯಕ್ತಿಕ ಸೌಲಭ್ಯ ಅಂತ ಒಂದು ಭಾಗ, ಅಂದ್ರೆ ವಿದ್ಯಾರ್ಥಿಗಳಿಗೆ ಸಹಾಯಧನ, ಮನೆ ರಿಪೇರಿ, ವೈದ್ಯಕೀಯ ವೆಚ್ಚ ಇಂಥವು, ಇನ್ನೊಂದು ಭಾಗ ಕೇರಿ ಕಾಮಗಾರಿಗಳು. ಕಾಮಗಾರಿ ಅಂತ ಹೇಳಿ ಕೇರಿ ಅಂಚಲ್ಲಿ ಹೋಗೋ ಊರಿನ ದೊಡ್ಡ ರಸ್ತೆಗೆ ಡಾಂಬರು ಹಾಕಿದ್ರೆ ಅದು ನಿಮ್ಮ ದುಡ್ಡಲ್ಲಿ ಎಲ್ಲರ ರಸ್ತೆ ಮಾಡಿದ ಹಾಗೆ, ಅದನ್ನ ಒಪ್ಪಬೇಡಿ.

ವೈಯಕ್ತಿಕ ಸೌಲಭ್ಯಕ್ಕೆ ಅರ್ಜಿ ಕರೆದು ಪತ್ರಿಕೇಲಿ ಪ್ರಕಟಣೆ ಕೊಡ್ತಾರೆ, ಒಳಪುಟದಲ್ಲಿ ಚಿಕ್ಕದಾಗಿ ಬರುತ್ತೆ, ಕೊನೇ ದಿನಾಂಕ ಬೇಗ ಮುಗಿಯುತ್ತೆ. ಪುರಸಭೆ ನೋಟಿಸ್ ಬೋರ್ಡ್ ಫೋಟೋ ವಾರಕ್ಕೊಂದ್ಸಲ ತೆಗೆದು ಕೇರಿಯ ಹುಡುಗರ ಗ್ರೂಪಿಗೆ ಹಾಕೋಕೆ ಒಬ್ಬರನ್ನ ನೇಮಿಸಿಬಿಡಿ, ಕಾಲೇಜಿಗೆ ಹೋಗೋ ಯಾವ ಹುಡುಗಿ ಹುಡುಗ ಆದ್ರೂ ಸರಿ.

ಪ್ರಶ್ನೆ: ಕಸದ ಗಾಡಿ ನಮ್ಮ ಬೀದಿಗೆ ದಿನಾ ಬರಲ್ಲ. ಪೌರಕಾರ್ಮಿಕರನ್ನ ಕೇಳಿದ್ರೆ ಜನ ಕಮ್ಮಿ ಅಂತಾರೆ. ನಿಜಾನಾ, ಸೋಮಾರಿತನಾನಾ?

ಉತ್ತರ: ಸೋಮಾರಿತನ ಅನ್ನೋ ಮಾತು ದಯವಿಟ್ಟು ಬೇಡ. ಬೆಳಗ್ಗೆ ಆರಕ್ಕೆ ಪೊರಕೆ ಹಿಡಿಯೋರ ಬಗ್ಗೆ ಆ ಮಾತು ನಾನು ಒಪ್ಪಲ್ಲ. ಹಿಂದೆ ಪೌರಕಾರ್ಮಿಕರ ಬಗ್ಗೆ ಐಪಿಡಿ ಸಾಲಪ್ಪ ಸಮಿತಿ ಕೊಟ್ಟ ವರದಿ 500 ಜನಕ್ಕೆ ಒಬ್ಬ ಪೌರಕಾರ್ಮಿಕ ಅಂತ ಹೇಳಿತ್ತು, ಆಮೇಲೆ ಸರ್ಕಾರ 700 ಜನಸಂಖ್ಯೆಗೆ ಒಬ್ಬರು ಅಂತ ಮಾಡ್ತು. ನಿಮ್ಮೂರಿನ ಜನಸಂಖ್ಯೆ 35 ಸಾವಿರ ಅಂದ್ರೆ 50 ಜನ ಇರ್ಬೇಕು. ಎಷ್ಟು ಜನ ಇದಾರೆ ಅಂತ ಕಚೇರೀಲಿ ಕೇಳಿ, ಅವರಲ್ಲಿ ಎಷ್ಟು ಜನ ನಿಜವಾಗಿ ಬೀದೀಲಿದಾರೆ, ಎಷ್ಟು ಜನನ್ನ ಡ್ರೈವರ್, ಅಟೆಂಡರ್, ಕಂಪ್ಯೂಟರ್ ಕೆಲಸಕ್ಕೆ ಕೂರಿಸಿದಾರೆ ಅಂತಾನೂ ಕೇಳಿ, ಎರಡನೇ ಲೆಕ್ಕದಲ್ಲೇ ನಿಮ್ಮ ಬೀದಿ ಕಸದ ಉತ್ತರ ಇರಬಹುದು. ಹಸಿ ಕಸ, ಒಣ ಕಸ, ಡೈಪರ್ ಪ್ಯಾಡ್ ಥರದ್ದು ಬೇರೆ ಬೇರೆ ಮಾಡಿ ಕೊಡೋದು ನಮ್ಮ ಕೆಲಸ, ಘನತ್ಯಾಜ್ಯ ನಿರ್ವಹಣೆ ನಿಯಮದಲ್ಲೇ ಇದೆ. ಒಡೆದ ಗಾಜನ್ನ ಹಂಗೇ ಹಸಿ ಕಸದೊಳಗೆ ಹಾಕಿದ್ರೆ ಕೈ ಕುಯ್ಸ್ಕೊಳ್ಳೋದು ಅವರು, ಪೇಪರಲ್ಲಿ ಸುತ್ತಿ ಬೇರೆ ಕೊಡಿ. ಒಳಚರಂಡಿ ಕಟ್ಕೊಂಡ್ರೆ ಮ್ಯಾನ್‌ಹೋಲಿಗೆ ಮನುಷ್ಯರನ್ನ ಇಳಿಸಿ ಅಂತ ಒತ್ತಾಯ ಮಾಡೋದು ಮಲ ಹೊರುವ ಪದ್ಧತಿ ನಿಷೇಧಿಸೋ 2013ರ ಕಾಯ್ದೆ ಪ್ರಕಾರ ಅಪರಾಧದ ಕಡೆ ನೂಕೋದು, ಜೆಟ್ಟಿಂಗ್ ಮೆಷಿನ್ ಕರೆಸಿ ಅಂತ ಕೇಳಿ.

ಪ್ರಶ್ನೆ: ನಾನು ಸೊಪ್ಪು ಮಾರೋಳು, ವಾರದ ಸಂತೇಲಿ ಕೂರ್ತೀನಿ. ಸುಂಕ ವಸೂಲಿ ಮಾಡೋರು ರಸೀದಿ ಕೊಡಲ್ಲ, ಹಬ್ಬ ಬಂದ್ರೆ ಡಬಲ್ ಕೇಳ್ತಾರೆ. ಮಗಳ ಕೈಲಿ ಬರೆಸ್ತಿದೀನಿ.

ಉತ್ತರ: ಮಗಳ ಕೈಲೇ ಇನ್ನೊಂದು ಕಾಗದ ಬರೆಸಿ, ಪುರಸಭೆಗೆ. ಸಂತೆ ಸುಂಕದ ಹಕ್ಕನ್ನ ಪುರಸಭೆ ವರ್ಷಕ್ಕೊಂದ್ಸಲ ಹರಾಜು ಹಾಕುತ್ತೆ, ತಲೆ ಹೊರೆಗೆ ಎಷ್ಟು, ಬುಟ್ಟಿಗೆ ಎಷ್ಟು, ಗಾಡಿಗೆ ಎಷ್ಟು ಅಂತ ದರ ಸಭೇಲಿ ತೀರ್ಮಾನ ಆಗಿರುತ್ತೆ, ಹರಾಜು ಹಿಡಿದೋರು ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ತಗೊಳ್ಳೋ ಹಾಗಿಲ್ಲ. ಆ ದರಪಟ್ಟಿ ಸಂತೆ ಬಾಗಿಲಲ್ಲಿ ಬೋರ್ಡ್ ಹಾಕಿಸಿ ಅಂತ ಬರೀರಿ, ನಿಮ್ಮ ಜೊತೆ ಕೂರೋ ಹತ್ತು ಜನರ ಸಹಿ, ಹೆಬ್ಬೆಟ್ಟು ಹಾಕಿಸಿ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಊರಿಗೊಂದು ಪಟ್ಟಣ ಮಾರಾಟ ಸಮಿತಿ ಇರ್ಬೇಕು, ಅದರಲ್ಲಿ ಶೇ 40ಕ್ಕೆ ಕಮ್ಮಿ ಇಲ್ಲದ ಹಾಗೆ ವ್ಯಾಪಾರಿಗಳೇ ಇರ್ಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ದಿನಾ ಬೀದೀಲಿ ವ್ಯಾಪಾರ ಮಾಡೋರಾಗಿದ್ರೆ ಗುರುತಿನ ಚೀಟಿ ಮಾಡಿಸ್ಕೊಳ್ಳಿ, ಅದು ಇದ್ರೆ 30 ದಿನದ ನೋಟಿಸ್ ಇಲ್ಲದೆ ಏಕಾಏಕಿ ಎಬ್ಬಿಸೋಕೆ ಬರಲ್ಲ.

ಪ್ರಶ್ನೆ: ಖಾತೆಗೆ ಅರ್ಜಿ ಕೊಟ್ಟು ಓಡಾಡಿ ಸಾಕಾಯ್ತು, ಏನು ಮಾಡೋದು?

ಉತ್ತರ: ಅರ್ಜಿ ಕೊಟ್ಟಾಗ ಸಕಾಲ (ಗಡುವಿನೊಳಗೆ ಸೇವೆ ಕೊಡ್ಬೇಕು ಅನ್ನೋ ರಾಜ್ಯದ ಕಾಯ್ದೆ) ನಂಬರ್ ಕೊಟ್ರಾ ನೋಡಿ, ಕೊಟ್ಟಿಲ್ಲ ಅಂದ್ರೆ ಕೇಳಿ ತಗೊಳ್ಳಿ. ನಂಬರ್ ಇದ್ರೆ ಗಡುವು ಶುರುವಾಗುತ್ತೆ, ದಾಟಿದ್ರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿ ಲೆಕ್ಕದಲ್ಲಿ 500 ರೂಪಾಯಿವರೆಗೆ ಪರಿಹಾರಾನೂ ಇದೆ. ದುಡ್ಡು ಚಿಕ್ಕದು, ಆದ್ರೆ ತಡ ಮಾಡಿದ ಅಧಿಕಾರಿ ಜೇಬಿಂದ ಹೋಗೋದ್ರಿಂದ ಕಡತ ಅಲುಗಾಡುತ್ತೆ.

ಪ್ರಶ್ನೆ: ನಡವಳಿ ನಕಲು ಕೇಳಿದ್ರೆ ‘ಅದು ಆಫೀಸ್ ರೆಕಾರ್ಡು, ಕೊಡಲ್ಲ’ ಅಂದ್ರು. ಆರ್‌ಟಿಐ ಹೆಂಗೆ ಹಾಕೋದು?

ಉತ್ತರ: ಆಫೀಸ್ ರೆಕಾರ್ಡ್ ಆಗಿರೋದಕ್ಕೇ ಕೊಡ್ಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಸಭೆಗಳು ಸಾರ್ವಜನಿಕರಿಗೆ ತೆರೆದಿವೆಯಾ, ನಡವಳಿ ಸಿಗುತ್ತಾ ಅನ್ನೋದನ್ನ ಕಚೇರಿ ತಾನಾಗೇ ಪ್ರಕಟ ಮಾಡಿರ್ಬೇಕು. ಅರ್ಜಿಗೆ 10 ರೂಪಾಯಿ ಪೋಸ್ಟಲ್ ಆರ್ಡರ್, ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರ್ಬೇಕು, ಎಷ್ಟೋ ಅರ್ಜಿ ವಾಪಸ್ ಬರೋದು ಇದಕ್ಕೇ. ‘ಸಾರ್ವಜನಿಕ ಮಾಹಿತಿ ಅಧಿಕಾರಿಗಳು’ ಅಂತ ವಿಳಾಸ ಬರೆದು ಹಿಂಗೆ ಕೇಳಿ: ‘ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ನಡೆದ ಸಾಮಾನ್ಯ ಸಭೆಗಳ ಕಾರ್ಯಸೂಚಿ, ಹಾಜರಾತಿ ಮತ್ತು ನಡವಳಿಗಳ ದೃಢೀಕೃತ ನಕಲು.’ ಯಾಕೆ, ಏನು, ಭ್ರಷ್ಟಾಚಾರ ಅಂತೆಲ್ಲ ಒಂದಕ್ಷರಾನೂ ಬರೀಬೇಡಿ, ಕಾರಣ ಹೇಳೋ ಅಗತ್ಯ ಕಾನೂನಲ್ಲೇ ಇಲ್ಲ. ಪುಟಕ್ಕೆ 2 ರೂಪಾಯಿ ಕಟ್ಟಿ ಅಂತ ಕಾಗದ ಬರುತ್ತೆ, ಕಟ್ಟಿ. 30 ದಿನದಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ಅದರ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಆಗ್ಲಿಲ್ಲ ಅಂದ್ರೆ 90 ದಿನದೊಳಗೆ ಬೆಂಗಳೂರಲ್ಲಿರೋ ಕರ್ನಾಟಕ ಮಾಹಿತಿ ಆಯೋಗಕ್ಕೆ. ನಡವಳಿ ಕೈಗೆ ಬಂದ್ಮೇಲೆ ಮೊದಲು ‘ಇತರೆ ವಿಷಯಗಳು’ ಇರೋ ಪುಟ ತೆಗೆದು ಓದಿ, ಅರ್ಥ ಆಗದ್ದು ಇದ್ರೆ ಆ ಪುಟದ ನಕಲು ನಮಗೆ ಕಳಿಸಿ, ಮುಂದಿನ ಸಂಚಿಕೇಲಿ ಕೂತು ಬಿಡಿಸೋಣ.